ಕಿಟಕಿ ಮುಚ್ಚಿದ ಮನೆಯ ವಿಚಾರವಾಗಿ ಅಪ್ಪನಿಗೆ

ಯುಟಾಕ್ಸಿಟರ್ ಸಮೀಪ, ಸ್ಟಾಫರ್ಡ್‌ಶೈರ್, ಇಂಗ್ಲೆಂಡ್
ನವೆಂಬರ್ 9

ತೀರ್ಥರೂಪ ಅಪ್ಪನವರ ಪಾದಗಳಿಗೆ ಶ್ರೀಧರ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ. ಅಮ್ಮನಿಗೂ ಚಿಕ್ಕಪ್ಪನಿಗೂ ನಮಸ್ಕಾರ, ಸುಮಾಳಿಗೆ ಆಶೀರ್ವಾದ. ನಿಮ್ಮ ಪತ್ರ ಮೊನ್ನೆ ಕೈಸೇರಿತು.

ಭಾವ ಫೋನಿನಲ್ಲಿ ತೋರಿಸಿದ ಚಿತ್ರ ನೋಡಿ ಮನೆಯಲ್ಲಿ ಎಲ್ಲರೂ ಗಾಬರಿಯಾಗಿರುವುದು ತಿಳಿಯಿತು. ಇನ್ನೂರು ವರ್ಷ ದಾಟಿದ ಮುದಿ ಮನೆಗೆ ಸಾಲ ಮಾಡಿ ಹಣ ಸುರಿದಿದ್ದೇನೆಂದೂ, ಎದುರಿನ ಗೋಡೆಯಲ್ಲಿ ಎರಡು ಕಿಟಕಿಗಳನ್ನು ಇಟ್ಟಿಗೆಯಿಟ್ಟು ಮುಚ್ಚಿರುವುದರಿಂದ ಒಳಗೆ ಹಿಂದೆ ಏನು ನಡೆದಿತ್ತೋ ಎಂದು ಅಮ್ಮ ನಿದ್ದೆಗೆಟ್ಟಿದ್ದಾಳೆಂದೂ, ಸುಮಾಳ ಮದುವೆಗೆ ತೆಗೆದಿಟ್ಟ ಹಣ ಇದರ ಪಾಲಾಯಿತೇ ಎಂದೂ ಬರೆದಿದ್ದೀರಿ. ಹಣದ ಮಾತನ್ನು ಮೊದಲು ಮುಗಿಸುತ್ತೇನೆ. ಸಾಗರದ ಬ್ಯಾಂಕಿನ ಠೇವಣಿಯನ್ನು ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಅದರ ರಸೀದಿ ನಿಮ್ಮ ಕಪಾಟಿನಲ್ಲೇ ಇದೆ, ಬೇಕಿದ್ದರೆ ಈಗಲೇ ತೆಗೆದು ನೋಡಿ.

ಇನ್ನು ಆ ಮುಚ್ಚಿದ ಕಿಟಕಿಗಳು. ಅಪಶಕುನದ ಸಂಗತಿ ಏನೂ ಇಲ್ಲ, ಅದು ತೆರಿಗೆಯ ಸಂಗತಿ. ಈ ದೇಶದಲ್ಲಿ 1696ರಿಂದ 1851ರವರೆಗೆ ಕಿಟಕಿಗಳನ್ನು ಎಣಿಸಿ ತೆರಿಗೆ ವಸೂಲಿ ಮಾಡುತ್ತಿದ್ದರು. 1784ರಲ್ಲಿ ಚಹಾದ ಮೇಲಿನ ಸುಂಕವನ್ನು ಇಳಿಸಿ, ಆ ನಷ್ಟವನ್ನು ತುಂಬಿಕೊಳ್ಳಲು ಕಿಟಕಿಯ ತೆರಿಗೆಯನ್ನು ಏರಿಸಿದರು. ಅಂದರೆ ಅಗ್ಗದ ಚಹಾ ಬೇಕಾದವನು ಕತ್ತಲಲ್ಲಿ ಕುಳಿತು ಕುಡಿಯಬೇಕಾಯಿತು. ಅದೇ ವರ್ಷ ಇಟ್ಟಿಗೆಗೂ ಸಾವಿರಕ್ಕೆ ಎರಡೂವರೆ ಶಿಲಿಂಗ್ ತೆರಿಗೆ ಬಂತು. ಅಮೆರಿಕದ ಸ್ವಾತಂತ್ರ್ಯ ಯುದ್ಧ ತಂದಿಟ್ಟ ಸಾಲವನ್ನು ತೀರಿಸುವುದಕ್ಕೆ ಹಾಕಿದ ತೆರಿಗೆ ಅದು. ಆ ಯುದ್ಧದಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಕಾರ್ನ್‌ವಾಲಿಸನೇ ಮುಂದೆ 1792ರಲ್ಲಿ ನಮ್ಮ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದವನು. ನನ್ನ ಮನೆ ಎದ್ದದ್ದು ಆ ಇಸವಿಗಳ ಆಸುಪಾಸಿನಲ್ಲಿ.

ಆದರೆ ಮುಚ್ಚಿದ ಕಿಟಕಿಗಳೆಲ್ಲವೂ ತೆರಿಗೆಗೆ ಹೆದರಿ ಮುಚ್ಚಿದವಲ್ಲ. ಮೇಲಿನದರ ಇಟ್ಟಿಗೆಗಳು ಅಕ್ಕಪಕ್ಕದ ಗೋಡೆಯೊಳಗೆ ಹಲ್ಲು ಕಚ್ಚಿದಂತೆ ಸೇರಿಕೊಂಡಿವೆ, ಸಾಲು ಎಲ್ಲಿಯೂ ತುಂಡಾಗಿಲ್ಲ. ಅಂದರೆ ಅದು ಹುಟ್ಟಿನಿಂದಲೇ ಕುರುಡು. ಅದರ ಹಿಂದೆ ಹೊಗೆ ಕೊಳವೆ ಹಾದುಹೋಗಿರುವುದರಿಂದ ಅಲ್ಲಿ ಕಿಟಕಿ ಇಡುವಂತಿರಲಿಲ್ಲ, ಆದರೂ ಎಡಕ್ಕೊಂದು ಇದ್ದರೆ ಬಲಕ್ಕೊಂದು ಇರಲೇಬೇಕೆಂಬ ಹಟಕ್ಕೆ ಕಿಟಕಿಯ ಆಕಾರವನ್ನಷ್ಟೇ ಮೂಡಿಸಿದ್ದಾರೆ. ಕೆಳಗಿನದರ ಎರಡು ಪಕ್ಕಗಳಲ್ಲಿ ಮಾತ್ರ ಗೆರೆ ಎಳೆದಂತೆ ನೇರವಾದ ಸಂದು ಇದೆ. ಅದನ್ನು ಆಮೇಲೆ ಮುಚ್ಚಿದ್ದಾರೆ. ಅಮ್ಮನಿಗೆ ಈ ವ್ಯತ್ಯಾಸವನ್ನು ವಿವರಿಸಿ ಹೇಳಿ, ಸಮಾಧಾನವಾದೀತು.

ನಾಲ್ವರು ಜಾರ್ಜ್ ದೊರೆಗಳು ಒಬ್ಬರ ಹಿಂದೊಬ್ಬರು ಆಳಿದ 1714ರಿಂದ 1830ರವರೆಗಿನ ಕಟ್ಟಡಗಳನ್ನು ಇಲ್ಲಿ ಜಾರ್ಜಿಯನ್ ಎನ್ನುತ್ತಾರೆ. ಊರಿನ ಸುತ್ತಲಿನ ಬಯಲು ಹೊಲಗಳಿಗೂ ಗೋಮಾಳಗಳಿಗೂ ಬೇಲಿ ಹಾಕಿ ಒಬ್ಬೊಬ್ಬರ ಹೆಸರಿಗೆ ಹಂಚಿದ ಕಾಲವದು; ಜಮೀನು ಒಂದೇ ಕಡೆ ಕೈಗೆ ಬಂದ ರೈತರು ಊರು ಬಿಟ್ಟು ಹೊಲದ ನಡುವೆಯೇ ಮನೆ ಕಟ್ಟಿಕೊಂಡರು. ಅದಕ್ಕೇ ಚಿತ್ರದಲ್ಲಿ ಅಕ್ಕಪಕ್ಕ ಯಾವ ಮನೆಯೂ ಕಾಣದಿರುವುದು, ಕಾಡಿನಲ್ಲಿ ಒಬ್ಬನೇ ಇದ್ದೇನೆಂದು ತಿಳಿಯಬೇಡಿ. ಈಗ ಜಮೀನೆಲ್ಲ ಪಕ್ಕದ ರೈತರ ಕೈಯಲ್ಲಿದೆ, ನನ್ನದು ಮನೆ ಮತ್ತು ಒಂದು ಹಳೆಯ ಕೊಟ್ಟಿಗೆ ಮಾತ್ರ.

ರೈತನ ಮನೆಯಾದರೂ ಗತ್ತಿಗೆ ಕೊರತೆಯಿಲ್ಲ. ನಟ್ಟನಡುವೆ ಆರು ಹಲಗೆಯ ಬಾಗಿಲು, ಅದರ ನೆತ್ತಿಯ ಮೇಲೆ ಅರ್ಧಚಂದ್ರಾಕಾರದ ಗಾಜು, ಒಳಗೆ ಕಾಲಿಟ್ಟರೆ ನಡುವೆ ಓಣಿ ಮತ್ತು ಏಣಿಮೆಟ್ಟಿಲು, ಎರಡೂ ಕಡೆ ಎರಡೆರಡು ಕೋಣೆ, ಮನೆಯ ಎರಡು ತುದಿಗಳಲ್ಲಿ ಹೊಗೆಗೂಡು. ಮೂರು ಅಂತಸ್ತುಗಳಲ್ಲಿ ಮೇಲೆ ಹೋದಂತೆ ಕಿಟಕಿಗಳು ಗಿಡ್ಡವಾಗುತ್ತವೆ, ಯಾಕೆಂದರೆ ಕೆಳಗೆ ಯಜಮಾನ, ತುತ್ತತುದಿಯಲ್ಲಿ ಆಳುಕಾಳು. ಮುಂದಿನ ಗೋಡೆಗೆ ನಯವಾದ ಕೆಂಪಿಟ್ಟಿಗೆಯನ್ನು ಒಂದು ಉದ್ದ ಒಂದು ಅಡ್ಡ ಎಂದು ಲೆಕ್ಕ ತಪ್ಪದಂತೆ ಜೋಡಿಸಿದ್ದಾರೆ. ಹಿಂಬದಿಗೆ ಹೋದರೆ ಒರಟು ಇಟ್ಟಿಗೆ, ಒಂದರಂತೆ ಒಂದಿಲ್ಲದ ಕಿಟಕಿಗಳು. ಮದುವೆಮನೆಯಲ್ಲಿ ಜರಿಯಂಚು ಮಾತ್ರ ಎದುರಿಗೆ ಕಾಣುವಂತೆ ಸೆರಗು ಹೊದ್ದುಕೊಳ್ಳುವವರ ಬುದ್ಧಿ ಎಲ್ಲ ದೇಶಗಳಲ್ಲಿಯೂ ಒಂದೇ.

ದಕ್ಷಿಣಕ್ಕೆ ಬಾಗಿಲು ಎಂದು ಅಮ್ಮ ಆಕ್ಷೇಪಿಸಿದ್ದಾಳಂತೆ. ಇಲ್ಲಿನ ಸೂರ್ಯ ಚಳಿಗಾಲದಲ್ಲಿ ದಕ್ಷಿಣ ದಿಗಂತವನ್ನು ಬಿಟ್ಟು ಮೇಲೇರುವುದೇ ಕಷ್ಟ. ಡಿಸೆಂಬರಿನ ನಡುಮಧ್ಯಾಹ್ನವೂ ಹದಿನಾಲ್ಕು ಡಿಗ್ರಿಗಿಂತ ಎತ್ತರಕ್ಕೆ ಬರುವುದಿಲ್ಲ. ಹಾಗಾಗಿ ವಾಸದ ಕೋಣೆಗಳು ದಕ್ಷಿಣಕ್ಕೆ, ಹಾಲು ಬೆಣ್ಣೆ ಇಡುವ ತಂಪು ಕೋಣೆ ಉತ್ತರಕ್ಕೆ. ಇದು ಈ ಸೀಮೆಯ ವಾಸ್ತು. ಯುಟಾಕ್ಸಿಟರ್ ಹಿಂದೆ ಬೆಣ್ಣೆ ಮತ್ತು ಚೀಸಿನ ಪೇಟೆಯೆಂದು ಹೆಸರಾಗಿತ್ತು. ಹಾಲಿನ ಕೋಣೆಗೂ ಚೀಸ್ ಕೋಣೆಗೂ ಕಿಟಕಿ ತೆರಿಗೆಯಿಂದ ವಿನಾಯಿತಿ ಇತ್ತು, ಆದರೆ ಇದು ಚೀಸ್ ಕೋಣೆ ಎಂದು ಬರೆದು ಹಾಕಿರಬೇಕಿತ್ತು. ನಮ್ಮ ಹಿಂಬದಿಯ ಕಿಟಕಿಯೊಂದರ ತಲೆಪಟ್ಟಿಯ ಮೇಲೆ ಬಣ್ಣದ ಪದರಗಳ ಅಡಿಯಲ್ಲಿ ಆ ಅಕ್ಷರಗಳು ಇನ್ನೂ ಬೆರಳಿಗೆ ಸಿಗುತ್ತವೆ. ಅದರ ಹಿಂದೆ ನಿಜವಾಗಿ ಚೀಸೇ ಇತ್ತೋ, ಯಜಮಾನರ ಮಂಚವಿತ್ತೋ, ಯಾರು ಕಂಡವರು!

ಕಿಟಕಿಗಳ ಅಂದವನ್ನು ಒಂದಿಷ್ಟು ಹೇಳಲೇಬೇಕು. ಮೇಲೆ ಆರು, ಕೆಳಗೆ ಆರು ಗಾಜಿನ ಚೌಕಗಳಿರುವ ಎರಡು ಚೌಕಟ್ಟುಗಳು ಒಂದರ ಹಿಂದೊಂದು ಮೇಲೆ ಕೆಳಗೆ ಜಾರುತ್ತವೆ. ಹಗ್ಗವೊಂದು ಕಿತ್ತುಹೋಗಿದ್ದಾಗ ಬಂದ ಬಡಗಿ, ಪಕ್ಕದ ಮರದ ಪೆಟ್ಟಿಗೆಯಿಂದ ಒಂದು ತುಂಡನ್ನು ಕಳಚಿ, ಒಳಗೆ ತೂಗುತ್ತಿದ್ದ ಕಬ್ಬಿಣದ ಗುಂಡನ್ನು ಹೊರಗೆಳೆದು ನನ್ನ ಕೈಗಿತ್ತ. ಕಿಟಕಿಗೆ ಸರಿತೂಕದ ಗುಂಡುಗಳು ಎರಡೂ ಕಡೆ ರಾಟೆಯ ಮೇಲೆ ತೂಗುವುದರಿಂದ ಅಷ್ಟು ದೊಡ್ಡ ಚೌಕಟ್ಟು ಎರಡು ಬೆರಳಿಗೆ ಎದ್ದು, ಬಿಟ್ಟಲ್ಲಿ ನಿಲ್ಲುತ್ತದೆ. ಗಾಜೂ ಆ ಕಾಲದ್ದೇ: ಊದಿದ ಗಾಜನ್ನು ಗರಗರ ತಿರುಗಿಸಿ ತಟ್ಟೆಯಂತೆ ಹರಡಿ ಕತ್ತರಿಸುತ್ತಿದ್ದರು, ಅದಕ್ಕೇ ಚೌಕಗಳು ಚಿಕ್ಕವು, ಅದಕ್ಕೇ ಹೊರಗಿನ ಬೇಲಿ ಅದರಲ್ಲಿ ಸ್ವಲ್ಪ ಅಲುಗಿದಂತೆ ಕಾಣುತ್ತದೆ. 1746ರಿಂದ ಗಾಜಿಗೂ ತೂಕದ ಲೆಕ್ಕದಲ್ಲಿ ಸುಂಕವಿತ್ತು. ಈ ಜನ ತೆರಿಗೆ ಹಾಕದೆ ಬಿಟ್ಟದ್ದು ಗಾಳಿಗೆ ಮಾತ್ರ. ಆ ಗಾಳಿ ಕಿಟಕಿಯ ಸಂದುಗಳಿಂದ ಧಾರಾಳವಾಗಿ ಒಳಗೆ ಬರುತ್ತದೆ. ಆದರೆ ನನಗೆ ಚಳಿಯಾಗುವುದಿಲ್ಲ, ಒಳಗಿನಿಂದ ಮರದ ಬಾಗಿಲುಗಳನ್ನು ಮಡಚಿ ಮುಚ್ಚಿಕೊಳ್ಳಬಹುದು.

ಗೋಡೆಯ ತೇವಕ್ಕೆ ಒಂದು ಕೈ ಸಿಮೆಂಟ್ ಹೊಡೆಸಿಬಿಡು ಎಂದು ಬರೆದಿದ್ದೀರಿ. ಅಪ್ಪ, ತೊಂದರೆ ಶುರುವಾದದ್ದೇ ಅಲ್ಲಿಂದ. ಈ ಇಟ್ಟಿಗೆ ಮೆದು, ಅದನ್ನು ಹಿಡಿದಿರುವ ಸುಣ್ಣದ ಗಾರೆ ಇನ್ನೂ ಮೆದು. ಮಳೆಯ ನೀರನ್ನು ಗೋಡೆ ಕುಡಿಯುತ್ತದೆ, ಬಿಸಿಲು ಬಂದಾಗ ಗಾರೆಯ ಸಂದುಗಳಿಂದ ಬಿಟ್ಟುಕೊಡುತ್ತದೆ. ಹಿಂದೆ ಇದ್ದವರು ಯಾರೋ ಆ ಸಂದುಗಳಿಗೆ ಸಿಮೆಂಟ್ ತುಂಬಿದ್ದಾರೆ. ಈಗ ನೀರಿಗೆ ಹೊರದಾರಿ ಇಟ್ಟಿಗೆಯೊಂದೇ. ಚಳಿಗೆ ಅಲ್ಲಿಯೇ ಹೆಪ್ಪುಗಟ್ಟಿ ಅದರ ಮುಖವನ್ನೇ ಸಿಡಿಸುತ್ತದೆ. ನಮ್ಮ ಜಗಲಿಯ ಮಣ್ಣುಗೋಡೆಯ ಬುಡದಲ್ಲಿ ಉಪ್ಪು ಬಿಟ್ಟದ್ದೂ ಸಿಮೆಂಟ್ ಮೆತ್ತಿದ ಮೇಲೆಯೇ ಅಲ್ಲವೇ? ಮೇಸ್ತ್ರಿ ಈಗ ಸಿಮೆಂಟನ್ನು ಉಳಿಯಿಂದ ಒಂದೊಂದಾಗಿ ಕೀಳುತ್ತಿದ್ದಾನೆ. ಕೆಲಸ ನಿಧಾನ, ಕೂಲಿ ಹೆಚ್ಚು. ಹಿಮ ಬೀಳುವ ಕಾಲದಲ್ಲಿ ಹಸಿ ಸುಣ್ಣ ಹೆಪ್ಪುಗಟ್ಟಿ ಹಾಳಾಗುವುದರಿಂದ ಹೊಸ ಗಾರೆಯನ್ನು ಏಪ್ರಿಲಿಗೆ ಹಾಕುತ್ತಾನೆ, ಅವನ ದೊಡ್ಡ ಕಂತೂ ಆಗಲೇ. ಸುಮಾಳ ಲಗ್ನ ವೈಶಾಖದಲ್ಲಿ ಕೂಡಿಬರಬಹುದೆಂದು ಬರೆದಿದ್ದೀರಿ. ಎರಡೂ ಒಟ್ಟಿಗೆ ಬಂದರೂ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಲೆಕ್ಕ ಹಾಕಿಯೇ ಇಟ್ಟಿದ್ದೇನೆ.

ಮಾರಿಬಿಡು ಎಂಬ ಭಾವನ ಸಲಹೆಗೂ ಉತ್ತರ ಕೊಡಬೇಕು. ಇದು ಸರ್ಕಾರದ ಪಟ್ಟಿಯಲ್ಲಿ ಎರಡನೇ ದರ್ಜೆಯ ರಕ್ಷಿತ ಕಟ್ಟಡ. 1700ರಿಂದ 1850ರ ನಡುವಿನ ಮನೆಗಳಲ್ಲಿ ಹೆಚ್ಚಿನವು ಹೀಗೆ ಪಟ್ಟಿಗೆ ಸೇರಿವೆ. ಅನುಮತಿಯಿಲ್ಲದೆ ಕಿಟಕಿ ಬದಲಿಸಿದರೂ ಅದು ಅಪರಾಧ. ಅಟ್ಟದಲ್ಲಿ ಬಾವಲಿಗಳಿವೆ, ಅವಕ್ಕೂ 1981ರಿಂದ ಕಾನೂನಿನ ರಕ್ಷಣೆ ಇದೆ, ಓಡಿಸುವಂತಿಲ್ಲ. (ಈ ವಾಕ್ಯವನ್ನು ಅಮ್ಮನಿಗೆ ಓದಿ ಹೇಳಬೇಡಿ.) ಈ ಕಟ್ಟುಪಾಡುಗಳಿಂದಲೇ ಮನೆ ನನ್ನ ಕೈಗೆಟಕುವ ಬೆಲೆಗೆ ಸಿಕ್ಕಿತು, ರಿಪೇರಿ ಮುಗಿಯದೆ ಮಾರಿದರೆ ನಷ್ಟ, ಮುಗಿದ ಮೇಲೆ ಮಾರುವ ಮನಸ್ಸು ಬರಲಾರದು. ತಿಂಗಳ ಸಾಲದ ಕಂತು ಸಂಬಳದಲ್ಲಿ ಸುಲಭವಾಗಿ ಹೋಗುತ್ತದೆ. ಬಹಳ ಸುಲಭವಾಗಿ ಹೋಗುತ್ತದೆ, ಚಿಂತೆ ಬೇಡ. ಗಂಡಿನ ಕಡೆಯವರು ಛತ್ರದ ಮಾತೆತ್ತಿದರೆ ಒಪ್ಪಿಕೊಳ್ಳಿ, ಆದರೆ ಮುಂಗಡ ಕೊಡುವ ಮೊದಲು ನನಗೊಂದು ಫೋನ್ ಮಾಡಿ. ಠೇವಣಿಯನ್ನು ಅವಧಿಗೆ ಮುಂಚೆ ಮುರಿದರೆ ಬಡ್ಡಿ ಕಡಿಮೆಯಾಗುತ್ತದೆ ಎಂಬ ಕಾರಣಕ್ಕೆ ಹೇಳುತ್ತಿದ್ದೇನೆ, ಬೇರೇನೂ ಇಲ್ಲ.

ಮೇಸ್ತ್ರಿ ಕೆಳಗಿನಿಂದ ಕರೆಯುತ್ತಿದ್ದಾನೆ, ಅಂಚೆಯ ವೇಳೆಯೂ ಆಯಿತು. ನಿಮ್ಮ ಮಂಡಿನೋವಿನ ವಿಚಾರ ಬರೆಯಿರಿ. ಉಳಿದದ್ದು ಮುಂದಿನ ಪತ್ರದಲ್ಲಿ.

ಇಂತಿ ನಿಮ್ಮ ಮಗ,
ಶ್ರೀಧರ