ಪೂಜೆಗೆ ಹೋದ್ಯಾ ಅಂತ ಕೇಳಿದವರಿಗೆ

ಆರು ವರ್ಷದ ಮೇಲೆ ಪಿಎಚ್‌ಡಿ ಮುಗಿಸಿ ಊರಿಗೆ ಬಂದಿದ್ದೇನೆ. ಪ್ರಬಂಧದ ಶುರುವಿನಲ್ಲಿ ಕೃತಜ್ಞತೆಗೆ ಅಂತ ಒಂದು ಪುಟ ಇರುತ್ತದೆ. ಗೈಡ್, ಲ್ಯಾಬಿನವರು, ಹೊಲದಲ್ಲಿ ಸಹಾಯ ಮಾಡಿದವರು ಎಲ್ಲರ ಹೆಸರು ಬರೆಯುವಷ್ಟರಲ್ಲಿ ಪುಟ ತುಂಬಿತು. ಅಮೆರಿಕದಲ್ಲಿ ನಮ್ಮ ಕ್ಯಾಂಪಸ್ಸಿನ ಕಥೋಲಿಕ ವಿದ್ಯಾರ್ಥಿಗಳ ಕೇಂದ್ರವಾದ ನ್ಯೂಮನ್ ಸೆಂಟರಿನವರಿಗೆ ಸಿಕ್ಕಿದ್ದು ಒಂದೇ ಸಾಲು. ಅದು ಸಾಲದು ಅಂತ ಅವತ್ತಿನಿಂದ ಮನಸ್ಸು ಹೇಳುತ್ತಲೇ ಇದೆ.

ಅವರಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ. ಆದರೆ ನಾನು ಅಲ್ಲಿ ಅತ್ತದ್ದು ಕನ್ನಡದಲ್ಲಿ, ಜಪಸರ (ಮಣಿ ಎಣಿಸುತ್ತ ಮರಿಯಮ್ಮನಿಗೆ ಮಾಡುವ ಪ್ರಾರ್ಥನೆ) ಹೇಳಿದ್ದೂ ಕನ್ನಡದಲ್ಲಿ. ಹಾಗಾಗಿ ಈ ಬರಹವೂ ಕನ್ನಡದಲ್ಲೇ ಇರಲಿ. ಒಬ್ಬೊಬ್ಬರಿಗೂ ಫೋನ್ ಮಾಡಿ ನಾನೇ ಓದಿ ಅರ್ಥ ಹೇಳುತ್ತೇನೆ.

ನಮ್ಮೂರು ಕೆ.ಆರ್. ನಗರದ ಕಡೆ. ಡೋರ್ನಹಳ್ಳಿಯ ಸಂತ ಅಂತೋಣಿಯವರ ಗುಡಿಗೆ, ಅಂದರೆ ಚರ್ಚಿಗೆ, ಸೈಕಲ್‌ನಲ್ಲಿ ಹೋಗಿ ಬರುವಷ್ಟು ಹತ್ತಿರ. ಆ ಗುಡಿಯ ಕಥೆ ನಮ್ಮ ಕಡೆ ಎಲ್ಲ ಮಕ್ಕಳಿಗೂ ಗೊತ್ತು. ಒಬ್ಬ ರೈತ ಹೊಲ ಉಳುತ್ತಿದ್ದನಂತೆ. ಮಣ್ಣಿನೊಳಗಿಂದ ಒಂದು ಸ್ವರೂಪ, ಅಂದರೆ ಪ್ರತಿಮೆ, ಸಿಕ್ಕಿತಂತೆ. ಯಾರದು ಅಂತ ಅವನಿಗೆ ಗೊತ್ತಾಗಲಿಲ್ಲ. ಆಮೇಲೆ ಕನಸಿನಲ್ಲಿ ಬಂದು ಗುಡಿ ಕಟ್ಟು ಅಂದರಂತೆ. ನನ್ನಪ್ಪನೂ ರೈತ. ಈ ಕಥೆಯನ್ನು ನಿನ್ನೆ ನಡೆದ ಹಾಗೆ ಹೇಳುತ್ತಿದ್ದರು. ನಾನು ಮಣ್ಣಿನ ಬಗ್ಗೆ ಓದಲು ಅಮೆರಿಕಕ್ಕೆ ಹೊರಟಾಗ, "ನೋಡ್ಕೊಂಡು ಅಗಿ ಮಗಾ, ಒಳಗೆ ಏನಿರುತ್ತೋ" ಅಂದಿದ್ದರು.

2019ರ ಆಗಸ್ಟ್‌ನಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋದೆ. ಶಿಕಾಗೋದಿಂದ ಎರಡು ಗಂಟೆಗೂ ಜಾಸ್ತಿ ದಾರಿ, ಅರ್ಬಾನಾ ಮತ್ತು ಶಾಂಪೇನ್ ಅನ್ನೋ ಜೋಡಿ ಊರು. ದಾರಿಯುದ್ದಕ್ಕೂ ಮೆಕ್ಕೆಜೋಳ, ಸೋಯಾ, ಮತ್ತೆ ಮೆಕ್ಕೆಜೋಳ. ಕ್ಯಾಂಪಸ್ ಮಧ್ಯದಲ್ಲೂ ಒಂದು ಮೆಕ್ಕೆಜೋಳದ ಹೊಲ ಇದೆ. ಮಾರೋ ಪ್ಲಾಟ್ಸ್ ಅಂತ ಹೆಸರು, 1876ರಿಂದ ಅಲ್ಲಿ ಪ್ರಯೋಗ ನಡೆದಿದೆ. ಪಕ್ಕದಲ್ಲಿ ಲೈಬ್ರರಿ ಕಟ್ಟುವಾಗ ಬೆಳೆಗೆ ನೆರಳು ಬೀಳಬಾರದು ಅಂತ ಆ ಕಟ್ಟಡವನ್ನು ನೆಲದ ಕೆಳಗೆ ಕಟ್ಟಿದರು. ಇದನ್ನು ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅಪ್ಪ ಎಷ್ಟೋ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂಥವರ ಊರು ಅಂದ್ರೆ ಒಳ್ಳೆ ಊರೇ ಬಿಡು" ಅಂದರು.

ಅಪ್ಪ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದರು. ಊಟ ಆಯ್ತಾ ಅನ್ನೋದಕ್ಕೂ ಮೊದಲು ಕೇಳುತ್ತಿದ್ದ ಪ್ರಶ್ನೆ, "ಪೂಜೆಗೆ ಹೋದ್ಯಾ?" ಚರ್ಚಿನ ಬಲಿಪೂಜೆಗೆ ನಾವು ಪೂಜೆ ಅಂತಲೇ ಅನ್ನುವುದು. ಮೊದಲ ಎರಡು ವಾರ ಹೋಗಿರಲಿಲ್ಲ. ಹೋಗಿಲ್ಲ ಅಂದಾಗ ಆ ಕಡೆ ಸುಮ್ಮನಾದರು. ಸುಳ್ಳು ಹೇಳುವ ಮನಸ್ಸಿರಲಿಲ್ಲ, ಮತ್ತೆ ಆ ಮೌನ ಕೇಳುವ ಮನಸ್ಸೂ ಇರಲಿಲ್ಲ. ಮೂರನೇ ಭಾನುವಾರ ರಾತ್ರಿ ಆರ್ಮರಿ ರಸ್ತೆಯ ನ್ಯೂಮನ್ ಸೆಂಟರಿನ ಸಂತ ಯೊವಾನ್ನರ ಚಾಪೆಲ್ಲಿಗೆ, ಅಂದರೆ ಅಲ್ಲಿನ ಚರ್ಚಿಗೆ, ಹೋದೆ. ನಿಜ ಹೇಳಬೇಕಂದರೆ ನಾನು ಹೋದದ್ದು ಅಪ್ಪನಿಗೆ ಉತ್ತರ ಕೊಡಲು, ಅಷ್ಟೇ.

ಒಳಗೆ ಕಾಲಿಟ್ಟು ಬೆಚ್ಚಿದೆ. ನಮ್ಮೂರಲ್ಲಿ ಬೆಳಗಿನ ಪೂಜೆಗೆ ಬರುವವರು ಹೆಚ್ಚಿನಂಶ ಅಜ್ಜಿಯರು. ಇಲ್ಲಿ ರಾತ್ರಿ ಹೊತ್ತಿನ ಪೂಜೆಗೆ ಬೆಂಚು ಭರ್ತಿ, ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಬೆನ್ನಿಗೆ ಬ್ಯಾಗು, ಕೈಯಲ್ಲಿ ನೀರಿನ ಬಾಟಲಿ. ವಾಚನ ಓದುವವರು ವಿದ್ಯಾರ್ಥಿಗಳು, ಹಾಡುವವರು ವಿದ್ಯಾರ್ಥಿಗಳು, ಬಾಗಿಲಲ್ಲಿ ನಿಂತು ಕೈಕುಲುಕುವವರೂ ವಿದ್ಯಾರ್ಥಿಗಳೇ.

ಈ ವ್ಯವಸ್ಥೆ ಹೇಗೆ ಬಂತು ಅಂತ ಆಮೇಲೆ ತಿಳಿಯಿತು. ಅದು ಸರ್ಕಾರಿ ವಿಶ್ವವಿದ್ಯಾಲಯ, ಅವರು ಚರ್ಚು ನಡೆಸುವಂತಿಲ್ಲ. ಹಾಗಾಗಿ ಕಥೋಲಿಕ ಸಭೆಯೇ ಕ್ಯಾಂಪಸ್ ಅಂಚಿನಲ್ಲಿ ಜಾಗ ಮಾಡಿಕೊಂಡು, ಚಾಪೆಲ್, ಹಾಸ್ಟೆಲ್, ಊಟದ ಮನೆ ಕಟ್ಟಿಕೊಂಡು ವಿದ್ಯಾರ್ಥಿಗಳನ್ನು ನೋಡಿಕೊಳ್ಳುತ್ತದೆ. ಇಂಥ ನ್ಯೂಮನ್ ಸೆಂಟರುಗಳು ಆ ದೇಶದ ತುಂಬ ಇವೆ. 1893ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ನ್ಯೂಮನ್ ಕ್ಲಬ್ ಶುರುವಾಯಿತು. ಆ ಹೆಸರು ಬಂದದ್ದು ಜಾನ್ ಹೆನ್ರಿ ನ್ಯೂಮನ್ ಅವರಿಂದ, ಅವರು ಇಂಗ್ಲೆಂಡಿನವರು. ಆಕ್ಸ್‌ಫರ್ಡ್‌ನಲ್ಲಿ ಆಂಗ್ಲಿಕನ್ ಗುರುವಾಗಿದ್ದವರು 1845ರಲ್ಲಿ ಕಥೋಲಿಕರಾದರು, ಅದಕ್ಕಾಗಿ ಎಷ್ಟೋ ಹಳೆಯ ಗೆಳೆಯರನ್ನು ಕಳೆದುಕೊಂಡರು. ಹೃದಯ ಹೃದಯದೊಡನೆ ಮಾತಾಡುತ್ತದೆ ಅನ್ನೋದು ಕಾರ್ಡಿನಲ್ ಆದಾಗ ಅವರು ಆರಿಸಿಕೊಂಡ ಧ್ಯೇಯವಾಕ್ಯ. ನಾನು ಹೋದ ಎರಡೇ ತಿಂಗಳಿಗೆ, 2019ರ ಅಕ್ಟೋಬರ್ 13ರಂದು, ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು. ಅದೇ ಪೂಜೆಯಲ್ಲಿ ಕೇರಳದ ತ್ರಿಶ್ಶೂರಿನ ಮರಿಯಂ ತ್ರೇಸಿಯಾ ಅವರೂ ಸಂತರಾದರು. ಸೆಂಟರಿನಲ್ಲಿ ಎಲ್ಲರೂ ನ್ಯೂಮನ್ ಅಂತ ಸಂಭ್ರಮಿಸುವಾಗ ನಾನು ಫೋನಿನಲ್ಲಿ ಮರಿಯಂ ತ್ರೇಸಿಯಾ ಅವರ ಚಿತ್ರ ತೆರೆದು, ಇವರು ನಮ್ಮ ಕಡೆಯವರು ಅಂತ ತೋರಿಸಿದೆ. ಅಲ್ಲಿ ನಾನಾಗಿ ಬಾಯಿಬಿಟ್ಟದ್ದು ಅದೇ ಮೊದಲು.

ಆದರೂ ಆರು ತಿಂಗಳು ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಬರುತ್ತಿದ್ದೆ. ಗೆಳೆತನ ಆದದ್ದು 2020ರ ವಿಭೂತಿ ಬುಧವಾರ, ಈಸ್ಟರಿಗೆ ಮುಂಚಿನ ಉಪವಾಸದ ಕಾಲ ಶುರುವಾಗುವ ದಿನ. ಬೆಳಗ್ಗೆ ಹಣೆಗೆ ಬೂದಿ ಹಚ್ಚಿಸಿಕೊಂಡು ಲ್ಯಾಬಿಗೆ ಬಂದೆ. ತಕ್ಕಡಿಯ ಮುಂದೆ ಮಣ್ಣು ತೂಗುತ್ತಿದ್ದ ಹುಡುಗಿ ತಲೆ ಎತ್ತಿದಳು. ಅವಳ ಹಣೆಯಲ್ಲೂ ಬೂದಿ. ಆರು ತಿಂಗಳಿಂದ ಅಕ್ಕಪಕ್ಕ ಕೂತಿದ್ದೆವು, ಒಬ್ಬರಿಗೊಬ್ಬರು ಗೊತ್ತಿರಲಿಲ್ಲ! ಅವಳು ಅಯೋವಾದ ರೈತರ ಮನೆಯವಳು. ಅವತ್ತು ಮಧ್ಯಾಹ್ನ ಇಬ್ಬರೂ ಒಂದೊತ್ತಿನ ಊಟ ಜೊತೆಗೇ ಮಾಡಿದೆವು. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ, ಅವಳಿಗೆ ಅದು ಇಷ್ಟ ಆಗುವುದಿಲ್ಲ. ಈ ಬರಹದ ಅರ್ಧ ಅವಳಿಗೇ ಸೇರಿದ್ದು.

ಎರಡು ಮೂರು ವಾರಕ್ಕೆ ಕೊರೊನಾದಿಂದ ಎಲ್ಲ ಮುಚ್ಚಿತು. ಪೂಜೆ ಫೋನಿನ ಪರದೆಗೆ ಬಂತು. ಅದನ್ನು ಎಲ್ಲರೂ ಕಂಡಿದ್ದೀರಿ, ಅಲ್ವಾ. ನಾನು ಹೇಳಬೇಕಾದದ್ದು ಮುಂದಿನ ವರ್ಷದ ಮೇ ತಿಂಗಳ ಬಗ್ಗೆ.

2021ರ ಮೇ. ಕರ್ನಾಟಕದಲ್ಲಿ ಎರಡನೇ ಅಲೆ. ಅಪ್ಪನಿಗೆ ಜ್ವರ ಅಂತ ಸೋಮವಾರ ಗೊತ್ತಾಯಿತು, ಗುರುವಾರ ಉಸಿರಾಟ ಕಷ್ಟವಾಯಿತು, ಭಾನುವಾರ ಅಪ್ಪ ಇರಲಿಲ್ಲ. ಮೇ 4ರಿಂದ ಭಾರತದಿಂದ ಬರುವವರಿಗೆ ಅಮೆರಿಕ ಬಾಗಿಲು ಹಾಕಿತ್ತು. ಹೋದರೆ ಯಾವಾಗ ವಾಪಸ್ ಬರುತ್ತೇನೋ ಗೊತ್ತಿಲ್ಲ. ಹೋದರೂ ಮಣ್ಣಿಗೆ ಸಿಗುವುದಿಲ್ಲ. ಅಮ್ಮ ಫೋನಿನಲ್ಲಿ ಬರಬೇಡ ಅಂದರು. ಅದನ್ನು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೋ.

ಊರಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಮಣ್ಣು. ನಮಗೆ ಅದು ರಾತ್ರಿ ಹನ್ನೆರಡೂವರೆ. ನನ್ನ ಜೊತೆ ಮನೆ ಹಂಚಿಕೊಂಡಿದ್ದ ದಾವಣಗೆರೆಯ ಹುಡುಗಿ, ಲಿಂಗಾಯತರ ಮನೆಯವಳು, ನನ್ನನ್ನು ಕೇಳದೆ ಅಯೋವಾದವಳಿಗೆ ಫೋನ್ ಮಾಡಿದಳು. ಅವಳು ಫಾದರಿಗೆ ಮಾಡಿದಳು. ಹನ್ನೆರಡು ಗಂಟೆಗೆ ಚಾಪೆಲ್ಲಿನ ಬಾಗಿಲು ತೆರೆದಿತ್ತು. ಮಾಸ್ಕ್ ಹಾಕಿಕೊಂಡು ಒಂಬತ್ತು ಜನ, ಬೆಂಚು ಬಿಟ್ಟು ಬೆಂಚು ಕೂತಿದ್ದರು. ಮಾರನೇ ದಿನ ಪರೀಕ್ಷೆ ಇದ್ದವರೂ ಅದರಲ್ಲಿದ್ದರು ಅಂತ ಆಮೇಲೆ ಗೊತ್ತಾಯಿತು.

ತಮ್ಮ ವಿಡಿಯೋ ಹಿಡಿದಿದ್ದ. ಬಿಳಿ ಕಿಟ್ ಹಾಕಿದ ನಾಲ್ಕು ಜನ, ಹಗ್ಗ, ನೀಲಿ ಟಾರ್ಪಾಲು. ನಮ್ಮೂರ ಗುರುಗಳು ದೂರದಲ್ಲಿ ನಿಂತು ಪ್ರಾರ್ಥನೆ ಹೇಳಿದರು, ಗಾಳಿಗೆ ಅರ್ಧ ಕೇಳಲಿಲ್ಲ. ಐದಾರು ನಿಮಿಷದಲ್ಲಿ ಮುಗಿಯಿತು. ಒಂದು ಹಿಡಿ ಮಣ್ಣು ಹಾಕಲು ನನಗೆ ಆಗಲಿಲ್ಲ. ಇಡೀ ದಿನ ಮಣ್ಣಿನಲ್ಲೇ ಕೈಯಿಟ್ಟು ಕೆಲಸ ಮಾಡುವವಳು ನಾನು.

ಕಾಲ್ ಕಟ್ಟಾದ ಮೇಲೆ ಯಾರೂ ಏನೂ ಹೇಳಲಿಲ್ಲ. ಸಮಾಧಾನದ ಮಾತು ಒಂದೂ ಬರಲಿಲ್ಲ. ಅದಕ್ಕೆ ನಾನು ಇವತ್ತಿಗೂ ಋಣಿ. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗ ಜಪಸರ ತೆಗೆದ. ಅದರಲ್ಲಿ ಹತ್ತು ಹತ್ತು ಮಣಿಯ ಐದು ಭಾಗ. ಮೊದಲ ಹತ್ತು ಇಂಗ್ಲಿಷಿನಲ್ಲಿ, ಎರಡನೆಯದು ಒಬ್ಬಳು ಸ್ಪ್ಯಾನಿಷಿನಲ್ಲಿ, ಮೂರನೆಯದು ಇನ್ನೊಬ್ಬ ವಿಯೆಟ್ನಾಮೀಸಿನಲ್ಲಿ ಹೇಳಿದ. ನಾಲ್ಕನೆಯದಕ್ಕೆ ಎಲ್ಲರೂ ಸುಮ್ನೆ ಕಾದರು. ನಾನು "ನಮೋ ಮರಿಯಾ" ಅಂತ ಶುರು ಮಾಡಿದೆ. ಹತ್ತೂ ಹೇಳಿದೆ. ಕೊನೆಯ ಹತ್ತನ್ನು ದಾವಣಗೆರೆಯವಳು ನನ್ನ ಪಕ್ಕ ಕೂತು, ನನ್ನ ಬೆರಳನ್ನು ಮಣಿಯಿಂದ ಮಣಿಗೆ ದಾಟಿಸುತ್ತ ಕೇಳಿದಳು.

ಮೂರು ದಿನ ಬಿಟ್ಟು ಅಪ್ಪನಿಗಾಗಿ ಪೂಜೆ ಇಟ್ಟರು. ಹಿಂದಿನ ಸಂಜೆ ಫಾದರ್ ನನ್ನನ್ನು ಕರೆದು ಅಪ್ಪನ ಹೆಸರು ಹೇಳು ಅಂದರು. ನಮ್ಮ ಕಡೆ ಜೇವಿಯರ್ ಅನ್ನೋದು ಚೌರಪ್ಪ ಆಗುತ್ತದೆ, ಇಗ್ನೇಷಿಯಸ್ ಇನ್ನಾಸಪ್ಪ ಆಗುತ್ತದೆ. ಅಪ್ಪನದೂ ಅಂಥದ್ದೇ ಹೆಸರು. ಇಂಗ್ಲಿಷಿನ ರೂಪ ಹೇಳಿದರೆ ಸಾಕು ಫಾದರ್ ಅಂದೆ. ಬೇಡ, ಮನೆಯಲ್ಲಿ ಕರೆಯುತ್ತಿದ್ದ ಹೆಸರೇ ಬೇಕು ಅಂದರು. ಒಂದು ಚಿಕ್ಕ ಕಾರ್ಡಿನಲ್ಲಿ ಅಕ್ಷರ ಅಕ್ಷರ ಬಿಡಿಸಿ, ನಡುವೆ ಗೆರೆ ಎಳೆದು ಬರೆದುಕೊಂಡರು. ಎಲ್ಲಿ ಒತ್ತು ಬರುತ್ತದೆ ಅಂತ ಕೇಳಿ ಅದರ ಕೆಳಗೆ ಗೀಟು ಹಾಕಿದರು. ನಾಲ್ಕು ಸಲ ಹೇಳಿದರು, ಐದನೇ ಸಲ ಸರಿ ಬಂತು. ಪೂಜೆಯಲ್ಲಿ ಮೂರು ಕಡೆ ಆ ಹೆಸರು ಬಂತು. ಮೂರು ಸಲವೂ ನಮ್ಮೂರಿನವರು ಕರೆದ ಹಾಗೇ ಇತ್ತು. ಆ ಕಾರ್ಡು ಈಗ ನನ್ನ ಬಳಿ ಇದೆ, ಅಮ್ಮನ ಪ್ರಾರ್ಥನೆ ಪುಸ್ತಕದೊಳಗೆ.

ಪೂಜೆ ಮುಗಿದ ಮೇಲೆ ಕಾಫಿ ಕುಡಿಯುವಾಗ ಅಪ್ಪನ ಬಗ್ಗೆ ಹೇಳು ಅಂದರು. ನಾನು ಭಾನುವಾರದ ಫೋನಿನ ಕಥೆ ಹೇಳಿದೆ. ಇನ್ಮೇಲೆ ಆ ಪ್ರಶ್ನೆ ಕೇಳುವವರು ಇಲ್ಲ ಅಂತಲೂ ಅಂದಿರಬೇಕು, ನನಗೆ ನೆನಪಿಲ್ಲ. ಮುಂದಿನ ಭಾನುವಾರ ಬೆಳಗ್ಗೆ ಫೋನಿಗೆ ಒಂದು ಮೆಸೇಜ್ ಬಂತು. ಅಯೋವಾದವಳದು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಅದೂ ತಪ್ಪು ತಪ್ಪಾಗಿ: "ಪುಜೆಗೆ ಹೊಡ್ಯ?" ದಾವಣಗೆರೆಯವಳ ಹತ್ತಿರ ಕೇಳಿ ಬರೆದುಕೊಂಡಿದ್ದಳಂತೆ.

ಆ ಭಾನುವಾರ ಹೋಗಲಿಲ್ಲ. ಅದರ ಮುಂದಿನದ್ದಕ್ಕೂ ಇಲ್ಲ. ದೇವರ ಮೇಲೆ ನನಗೆ ಸಿಟ್ಟಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅವಳು ಯಾಕೆ ಬರಲಿಲ್ಲ ಅಂತ ಒಂದು ದಿನವೂ ಕೇಳಲಿಲ್ಲ. ಮುಂದಿನ ಭಾನುವಾರ ಅದೇ ಮೆಸೇಜ್ ಕಳಿಸುತ್ತಿದ್ದಳು, ಅಷ್ಟೇ. ಏಳನೇ ವಾರ ಹೋದೆ. ಪ್ರಾರ್ಥನೆ ಬಾಯಿಗೆ ಬರುವುದಿಲ್ಲ ಅಂತ ಫಾದರಿಗೆ ಹೇಳಿದೆ. "ಸುಮ್ಮನೆ ಕೂತ್ಕೋ, ನಾವು ಹೇಳುತ್ತೇವೆ" ಅಂದರು. ಜೊತೆಗೆ, ರಾತ್ರಿ ನಿದ್ದೆ ಬರುತ್ತಿದೆಯಾ ಅಂತ ಕೇಳಿ, ಕೌನ್ಸೆಲರ್ ಹತ್ತಿರ ಹೋಗು ಅಂತ ನೇರವಾಗಿ ಹೇಳಿದರು. ಪ್ರಾರ್ಥನೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತ ಹೇಳಿ ಕಳಿಸಬಹುದಿತ್ತು. ಹಾಗೆ ಮಾಡಲಿಲ್ಲ. ಆ ಫಾದರಿಗೆ ನನ್ನ ದೊಡ್ಡ ನಮಸ್ಕಾರ. ಕೌನ್ಸೆಲರ್ ಹತ್ತಿರ ಹೋದೆ, ನಿದ್ದೆ ವಾಪಸ್ ಬಂತು.

ಇನ್ನೂ ಎಷ್ಟೋ ಜನ ಇದ್ದಾರೆ. ಸಾಮಾನು ಸಾಗಿಸಲು ಟ್ರಕ್ ತಂದು ಮೂರನೇ ಮಹಡಿಗೆ ಮಂಚ ಹೊತ್ತ ಹುಡುಗರು. ಚಳಿಗಾಲದ ನನ್ನ ಕೋಟು ಸಾಲದು ಅಂತ ಕಂಡು, ಏನೂ ಹೇಳದೆ ದಪ್ಪ ಕೋಟೊಂದನ್ನು ನನ್ನ ಕುರ್ಚಿಗೆ ನೇತುಹಾಕಿ ಹೋದವರು. ಅದು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಇದನ್ನು ಕೇಳಿಸಿಕೊಂಡರೆ ನೀವೇ ಹೇಳಿ. ಪರಮಪ್ರಸಾದದ ಆರಾಧನೆಗೆ, ಅಂದರೆ ಪೂಜೆಯ ಪವಿತ್ರ ರೊಟ್ಟಿಯ ಮುಂದೆ ಕೂತು ಮಾಡುವ ಪ್ರಾರ್ಥನೆಗೆ, ರಾತ್ರಿ ಮೂರು ಗಂಟೆಯ ಸರದಿ ಯಾರೂ ತೆಗೆದುಕೊಳ್ಳದಿದ್ದಾಗ ನನ್ನ ಜೊತೆ ಕೂತ ಎಂಜಿನಿಯರಿಂಗ್ ಹುಡುಗಿ. ನನ್ನ ನಾಲ್ಕನೇ ಅಧ್ಯಾಯ ಬಿದ್ದುಹೋಗಿ, ಎರಡು ವರ್ಷದ ಅಳತೆ ಮತ್ತೆ ಮಾಡಬೇಕಾಗಿ ಬಂದಾಗ, ಓದು ಬಿಟ್ಟು ಊರಿಗೆ ಹೋಗುತ್ತೇನೆ ಅಂದವಳ ಮಾತನ್ನು ಪೂರ್ತಿ ಕೇಳಿ, ಸರಿ, ಊಟ ಮಾಡಿ ನಿರ್ಧಾರ ಮಾಡು ಅಂದ ಸಿಸ್ಟರ್. ನಿಮಗೆಲ್ಲ ಥ್ಯಾಂಕ್ಸ್.

2025ರ ಮೇ 8ರಂದು ಪೋಪ್ ಲಿಯೋ ಆಯ್ಕೆಯಾದಾಗ ನಾನು ಪ್ರಬಂಧದ ಕೊನೆಯ ತಿದ್ದುಪಡಿಯಲ್ಲಿದ್ದೆ. ಶಿಕಾಗೋದಲ್ಲಿ ಹುಟ್ಟಿದವರು ಪೋಪ್ ಆದರು ಅಂತ ಸೆಂಟರಿನಲ್ಲಿ ಕೂಗಾಟ. ಯಾರೋ ನನ್ನನ್ನು ಎಳೆದುಕೊಂಡು ಹೋದರು. ಅಳುತ್ತಿದ್ದವರೂ ಇದ್ದರು. ಅಪ್ಪ ಇದ್ದಿದ್ದರೆ, ಪೋಪ್ ನಿಮ್ಮೂರಿನವರಂತೆ, ಅಲ್ವಾ ಅಂತ ಫೋನ್ ಮಾಡುತ್ತಿದ್ದರು ಅನ್ನಿಸಿತು. ಶಿಕಾಗೋ ನನ್ನೂರು ಅಂತ ಅಪ್ಪನಿಗೆ ಯಾವಾಗಲೋ ಆಗಿಹೋಗಿತ್ತು.

ನವೆಂಬರ್ 1ರಂದು ಅದೇ ಪೋಪ್ ಲಿಯೋ ನ್ಯೂಮನ್ ಅವರನ್ನು ಧರ್ಮಸಭೆಯ ಪಂಡಿತರೆಂದು, ಅಂದರೆ ಬೋಧನೆಯಿಂದ ಇಡೀ ಸಭೆಗೆ ದಾರಿ ತೋರಿದ ಸಂತರೆಂದು, ಸಾರಿದರು. ಅಷ್ಟು ಹೊತ್ತಿಗೆ ನಾನು ಊರಲ್ಲಿದ್ದೆ. ಮಾರನೇ ದಿನ ಭಾನುವಾರ, ಸಕಲ ಮೃತರ ಸ್ಮರಣೆಯ ದಿನ. ನಾಲ್ಕೂವರೆ ವರ್ಷದ ಮೇಲೆ ಅಪ್ಪನ ಸಮಾಧಿ ಹತ್ತಿರ ನಿಂತೆ. ಅಮ್ಮ ಹುಲ್ಲು ಕಿತ್ತು, ಸೇವಂತಿಗೆ ಹಾಕಿದ್ದರು. ಗುರುಗಳು ತೀರ್ಥ ಚಿಮುಕಿಸುತ್ತ ಸಾಲಿನಲ್ಲಿ ಬಂದರು. ಕೆಂಪು ಮಣ್ಣು, ಸ್ವಲ್ಪ ಮರಳು ಜಾಸ್ತಿ. ಒಂದು ಹಿಡಿ ತೆಗೆದು ಮೇಲೆ ಹಾಕಿದೆ. ಇನ್ನೊಂದು ಹಿಡಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ರಾತ್ರಿ ಒಂಬತ್ತಾಗಿತ್ತು. ಅಲ್ಲಿ ಭಾನುವಾರ ಬೆಳಗ್ಗೆ ಒಂಬತ್ತೂವರೆ. ಈ ಸಲ ನಾನೇ ಮೊದಲು ಕಳಿಸಿದೆ, ಕನ್ನಡ ಅಕ್ಷರದಲ್ಲೇ: "ಪೂಜೆಗೆ ಹೋದ್ಯಾ?"

ಎರಡು ನಿಮಿಷಕ್ಕೆ ಉತ್ತರ ಬಂತು. ಶೂ ಹಾಕಿಕೊಳ್ಳುತ್ತಿದ್ದಾಳಂತೆ.