ಮಗಳಿಗೆ ಬಂಗಡೆ ಬಡಿಸದೇ ಇದ್ದೋರಿಗೆಲ್ಲಾ ಥ್ಯಾಂಕ್ಸ್

ನಿನ್ನೆ ಮಗಳಿಗೆ ಹತ್ತು ತುಂಬ್ತು. ಕಾರವಾರದಲ್ಲಿ, ಬೈತಖೋಲ್ ಬಂದರದ ವಾಸನೆ ಮನೆ ತನಕ ಬರೋ ಜಾಗದಲ್ಲಿ ಬೆಳ್ದು, ಇವತ್ತಿನವರೆಗೂ ಒಂದು ತುಂಡು ಮೀನು ಬಾಯಿಗೆ ಹಾಕಿಲ್ಲ ಅವಳು.

ಹೆರಿಗೆಗೆ ಮಂಗಳೂರಿಗೆ ತವರಿಗೆ ಹೋಗಿದ್ದೆ, ಅಲ್ಲಿ ಹಿಮ್ಮಡಿ ಚುಚ್ಚಿ ರಕ್ತ ತಗೊಂಡಿದ್ರು, ಹತ್ತನೇ ದಿನ ಫೋನ್ ಬಂತು, ಪಿಕೆಯು ಅಂದ್ರು, ಅಂದ್ರೆ ಫಿನೈಲ್‌ಕೀಟೋನ್ಯೂರಿಯಾ, ಹುಟ್ಟಿನಿಂದಲೇ ಬರೋ ಕಾಯಿಲೆ. ಲಿವರಲ್ಲಿ ಫಿನೈಲ್‌ಅಲನೈನ್ ಹೈಡ್ರಾಕ್ಸಿಲೇಸ್ ಅಂತ ಒಂದು ಕಿಣ್ವ ಇರ್ತದೆ, ಪ್ರೋಟೀನಲ್ಲಿರೋ ಫಿನೈಲ್‌ಅಲನೈನನ್ನ ಟೈರೋಸಿನ್ ಮಾಡೋದು ಅದರ ಕೆಲ್ಸ, ಇವಳಿಗೆ ಅದು ನಡಿಯೂದಿಲ್ಲ, ರಕ್ತದಲ್ಲಿ ಸೇರ್ತಾ ಸೇರ್ತಾ ಮೆದುಳಿಗೇ ಪೆಟ್ಟು. ನನ್ನಿಂದ ಒಂದು, ಅವಳಪ್ಪನಿಂದ ಒಂದು ಕೆಟ್ಟ ಜೀನ್ ಹೋಗಿದೆ, ನಮಗಿಬ್ರಿಗೂ ಏನೂ ತೊಂದ್ರೆ ಇಲ್ಲ, ನೋಡಿ ಹೆಂಗೆ.

ಇವಳಿಗೆ ಡಾಕ್ಟ್ರು ಹಾಕಿಕೊಟ್ಟ ಲೆಕ್ಕ ದಿನಕ್ಕೆ 300 ಮಿಲಿಗ್ರಾಂ ಫಿನೈಲ್‌ಅಲನೈನ್. ಒಂದು ಗ್ರಾಂ ಪ್ರೋಟೀನಲ್ಲಿ ಹೆಚ್ಚುಕಮ್ಮಿ 50 ಮಿಲಿಗ್ರಾಂ ಇರ್ತದೆ. ಅರ್ಧ ಬಂಗಡೆ ತಿಂದ್ರೆ ಇಡೀ ದಿನದ್ದು ಮುಗೀತು. ಹಾಲಿಲ್ಲ, ಬೇಳೆ ಇಲ್ಲ, ಅನ್ನನೂ ತೂಕ ಮಾಡಿ, ಉಳಿದದ್ದಕ್ಕೆ ಫಿನೈಲ್‌ಅಲನೈನ್ ಇಲ್ಲದ ಆ ವಾಸನೆ ಪ್ರೋಟೀನ್ ಪೌಡರು.

ಮೊದಲ ಥ್ಯಾಂಕ್ಸ್ ನಮ್ಮತ್ತೆಗೆ. "ಅಡುಗೆಮನೆಲಿ ಸೊನಗಾರರ ಅಂಗಡಿ ಇಟ್ಟಾಳೆ" ಅಂತ ಬೈದವರೇ ಈಗ ನಂಗಿಂತ ಚಲೋ ತೂಗ್ತಾರೆ, ಬಿರಿಂಡೆ ಸಾರು, ಶೇಂಗಾ ಹಾಕದ ಸಾಬಕ್ಕಿ ಖಿಚಡಿ ಎಲ್ಲಾ ಅವರದ್ದೇ. ಅಂಗನವಾಡಿ ಅಕ್ಕೋರು ಮೊಟ್ಟೆ ದಿನ ಇವಳನ್ನ ಪಕ್ಕದಲ್ಲೇ ಕೂರಿಸ್ಕೊಂಡು ಬಾಳೆಹಣ್ಣು ಸುಲಿದು ಕೊಟ್ರು, ಒಂದಿನನೂ "ಪಾಪ ಒಂಚೂರು ತಿನ್ಲಿ" ಅನ್ನಲಿಲ್ಲ. ಮೂಲೆ ಅಂಗಡಿ ಮಾಮ್ ಶುಗರ್‌ಲೆಸ್ ಚೂಯಿಂಗ್ ಗಮ್ ಕೊಡೂದಿಲ್ಲ, ಅದ್ರಲ್ಲಿ ಆಸ್ಪರ್ಟೇಮ್ ಇರ್ತದೆ, ಅದ್ರಲ್ಲೂ ಫಿನೈಲ್‌ಅಲನೈನ್ ಇದೆ ಅಂತ ಕನ್ನಡಕ ಹಾಕ್ಕೊಂಡು ಲೇಬಲ್ ಓದಿ ನಂಗೇ ಹೇಳಿಕೊಟ್ಟದ್ದು ಅವರು. ಪಕ್ಕದ ಮನೆ ವೈನಿಗೂ ಹೇಳ್ಬೇಕು, ಮಗಳ ಬೆರಳಿನ ರಕ್ತ ಪೇಪರಿನ ಮೇಲೆ ಒಣಗಿಸಿ ಪರೀಕ್ಷೆಗೆ ಕೊರಿಯರ್ ಮಾಡ್ಬೇಕು, ನಮ್ಮ ಆಷಾಢದ ಮಳೆಲಿ ಏನು ಒಣಗ್ತದೆ, ಅವರ ಒಣ ಅಟ್ಟದಲ್ಲಿ ಜಾಗ ಕೊಟ್ರು, ಬೆಕ್ಕು ಬರದಂಗೆ ಕಾದ್ರು.

ಇನ್ನೊಬ್ಬಳು ನಾನು ಕಾಣದ ತಾಯಿ, ನಾರ್ವೆಯ ಬೋರ್ಗ್ನಿ ಎಗೆಲಾಂಡ್. ಮಕ್ಕಳಿಬ್ರಿಗೂ ಏನಾಗಿದೆ ಅಂತ ಬಿಡದೇ ಅಲೆದು, ಕೊನೆಗೆ 1934ರಲ್ಲಿ ಫೋಲಿಂಗ್ ಡಾಕ್ಟ್ರು ಅವರ ಮೂತ್ರ ಪರೀಕ್ಷೆ ಮಾಡಿ ಈ ಕಾಯಿಲೆ ಕಂಡುಹಿಡಿದ್ರು. ಅವಳ ಮಕ್ಕಳಿಗೆ ಹೊತ್ತು ಮೀರಿತ್ತು. ರಾತ್ರಿ ತೂಗೋವಾಗ ಅವಳ ನೆನಪು ಬರ್ತದೆ ನಂಗೆ.

ಈ ತಿಂಗಳ ರಿಪೋರ್ಟಲ್ಲಿ ರಕ್ತದ ಫಿನೈಲ್‌ಅಲನೈನ್ ಡೆಸಿಲೀಟರಿಗೆ 4.1 ಮಿಲಿಗ್ರಾಂ, ಇರಬೇಕಾದ್ದು 2ರಿಂದ 6ರ ಒಳಗೆ. ಐದನೇ ಕ್ಲಾಸು, ಮಗ್ಗಿ 18ರ ತನಕ ಬಾಯಿಪಾಠ, 17ರದ್ದು ಮಾತ್ರ ತಪ್ತದೆ.

ಭಾನುವಾರ ಎಲ್ಲಾ ಬನ್ನಿ. ಅವಳಿಗೆ ಸಾಬಕ್ಕಿ ಪಾಯಸ, ನಿಮಗೆ ಬಂಗಡೆ ಫ್ರೈ, ಅವಳೇ ಬಡಿಸ್ತಾಳಂತೆ.