ಪಟ್ಟಿ ಕಟ್ಟುವ ಮೊದಲು ಐದು ನಿಮಿಷ ಸುಮ್ಮನೆ ಕೂರಿ

ಮಾನ್ಯರೇ,

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಬಿಪಿ ಮೆಷಿನ್ ಇದೆ. ಅಳೆಯುವ ಹೊತ್ತು ಮಾತ್ರ ಎಡವಟ್ಟು. ಬೆಳಗ್ಗೆ ತೋಟಕ್ಕೊಂದು ಸುತ್ತು ಹೋಗಿ ಬಂದು, ಚಾ ಕುಡಿದು, ಹೊಗೆಸೊಪ್ಪಿನ ಬೀಡ ಬಾಯಲ್ಲಿರುವಾಗಲೇ ತೋಳಿಗೆ ಮೆಷಿನಿನ ಪಟ್ಟಿ ಕಟ್ಟುತ್ತಾರೆ. ಅಂಕೆ ಏರದೆ ಇನ್ನೇನು? ಅದನ್ನು ನೋಡಿ ಗಾಬರಿಯಾಗಿ ತಾವೇ ಮಾತ್ರೆ ಹೆಚ್ಚಿಸಿಕೊಳ್ಳುವವರೂ ಇದ್ದಾರೆ.

ಎದ್ದ ಒಂದು ಗಂಟೆಯೊಳಗೆ, ಮೂತ್ರ ಮಾಡಿ ಬಂದು, ಚಾ-ತಿಂಡಿಗೂ ಬಿಪಿ ಮಾತ್ರೆಗೂ ಮೊದಲು ಅಳೆಯಬೇಕು. ಜಗಲಿಯಂಚಿನಲ್ಲಿ ಕಾಲು ಇಳಿಬಿಟ್ಟು ಕೂತರೆ ಬೆನ್ನಿಗೂ ಪಾದಕ್ಕೂ ಆಸರೆಯಿಲ್ಲ. ಕುರ್ಚಿಗೆ ಒರಗಿ, ಪಾದ ನೆಲಕ್ಕೂರಿ, ಐದು ನಿಮಿಷ ಮಾತಿಲ್ಲದೆ ಕೂರಿ. ಪಟ್ಟಿ ಬರಿಯ ತೋಳಿಗೆ, ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ ಇರಲಿ. ತೋಳನ್ನು ಮೇಜಿನ ಮೇಲಿಟ್ಟಾಗ ಪಟ್ಟಿ ಎದೆಯ ಮಟ್ಟಕ್ಕೆ ಬರಬೇಕು, 10 ಸೆಂ.ಮೀ. ತಗ್ಗಿದರೆ ಅಂಕೆ ಏಳೆಂಟು ಹೆಚ್ಚು ತೋರಿಸುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಬಿಗಿದರೂ ಅಂಕೆ ಹೆಚ್ಚೇ ಬರುತ್ತದೆ. ಸಾಮಾನ್ಯ ಪಟ್ಟಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ, ಕೊಳ್ಳುವಾಗಲೇ ಟೇಪು ಹಿಡಿದು ನೋಡಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು ಎರಡನ್ನೂ ಬರೆದಿಡಿ. ವಾರದ ಸರಾಸರಿ 135/85 ದಾಟಿದರೆ ಆ ಚೀಟಿ ಹಿಡಿದು ವೈದ್ಯರಲ್ಲಿಗೆ ಹೋಗಿ. 180/120 ದಾಟಿ ಎದೆನೋವೋ, ಮಾತು ತೊದಲುವುದೋ ಇದ್ದರೆ ವಾರ ಕಾಯುವ ಮಾತೇ ಇಲ್ಲ, ಕೂಡಲೇ ಆಸ್ಪತ್ರೆಗೆ.

ಇನ್ನು ಬೆಳಗಿನ ಕುಚ್ಚಿಲು ಗಂಜಿ. ಗಂಜಿಯ ತಪ್ಪೇನಿಲ್ಲ. ಅದಕ್ಕೊಂದು ಚಿಟಿಕೆ ಉಪ್ಪು, ಬದಿಗೆ ಮಾವಿನ ಮಿಡಿ, ಹಪ್ಪಳ, ಕೆಲವರಲ್ಲಿ ಒಣಮೀನು ಎಂದಾಗ, ದಿನಕ್ಕೆ 5 ಗ್ರಾಂ, ಅಂದರೆ ಒಂದು ಮಟ್ಟ ಚಾ ಚಮಚದೊಳಗೆ ಇರಬೇಕಾದ ಉಪ್ಪಿನ ದೊಡ್ಡ ಪಾಲು ಎಂಟು ಗಂಟೆಗೇ ಮುಗಿದಿರುತ್ತದೆ. ಗಂಜಿ ಸಪ್ಪೆಯಿರಲಿ, ಮಿಡಿ ಅರ್ಧ ಸಾಕು. ಆಟಿಯ ಮಳೆಗಾಲಕ್ಕೆಂದು ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯನ್ನು (ಉಪ್ಪುಸೊಳೆ) ನೆನೆಹಾಕಿ ಎರಡು ಮೂರು ಸಲ ನೀರು ಬದಲಿಸಿ.

ಖಾಲಿ ಹೊಟ್ಟೆಯ ರಕ್ತಪರೀಕ್ಷೆಯ ದಿನ ಬಿಪಿ ಮಾತ್ರೆಯನ್ನೂ ಬಿಡುವ ರೂಢಿಯಿದೆ. ಹೆಚ್ಚಿನ ಬಿಪಿ ಮಾತ್ರೆಗಳನ್ನು ಒಂದು ಗುಟುಕು ನೀರಿನಲ್ಲಿ ನುಂಗಬಹುದು. ಸಕ್ಕರೆ ಕಾಯಿಲೆಯ ಮಾತ್ರೆಯ ಸಂಗತಿ ಬೇರೆ. ಎರಡನ್ನೂ ಹಿಂದಿನ ದಿನವೇ ವೈದ್ಯರಲ್ಲಿ ಕೇಳಿಕೊಳ್ಳಿ.

ಗಡಿನಾಡಿನ ಆರೋಗ್ಯ ಕೇಂದ್ರಗಳ ಗೋಡೆಯಲ್ಲಿ ಅಳೆಯುವ ಈ ಕ್ರಮವನ್ನು ಮಲಯಾಳದ ಪಕ್ಕ ಕನ್ನಡದಲ್ಲೂ, ಹಿರಿಯರ ಕಣ್ಣಿಗೆ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಹಾಕಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿ.

– ಇಬ್ಬರು ನಿವೃತ್ತ ದಾದಿಯರು, ಬದಿಯಡ್ಕ